ನೀಲಿ ಗೆರೆಯ ನಾಲ್ಕು ಮೀನು

2003ರ ಆಗಸ್ಟ್ 11, ಸೋಮವಾರ. ಬೆಳಿಗ್ಗೆ ಆರೂವರೆಗೆ ಧರಣೇಂದ್ರ ಮುಂದಿನ ಕೋಣೆಯ ದೀಪ ಹಾಕಿದಾಗ ನಾಲ್ಕು ಮೀನುಗಳೂ ಕಪ್ಪಾಗಿದ್ದವು.

ಗಾಜಿನ ತೊಟ್ಟಿಯ ಮೂಲೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು, ತಲೆ ಕೆಳಗೆ ಮಾಡಿ ನಿಂತಿದ್ದವು. ಮೈಮೇಲಿನ ಲೋಳೆ ಎಳೆಎಳೆಯಾಗಿ ಬಿಚ್ಚಿ ನೀರಿನಲ್ಲಿ ತೇಲುತ್ತಿತ್ತು. ಹಿಂದಿನ ರಾತ್ರಿಯವರೆಗೆ ಅವುಗಳ ಇಟ್ಟಿಗೆ ಬಣ್ಣದ ಮೈಮೇಲೆ ಕಿವಿರಿನಿಂದ ಬಾಲದ ತನಕ ನೀಲಿ ಗೆರೆಗಳಿದ್ದವು. ಆ ಗೆರೆಗಳಿಗಾಗಿ ಧರಣೇಂದ್ರ ಆರು ವರ್ಷ ಕಾದಿದ್ದ.

ಅವನದು ಗೋಕಾಕದಲ್ಲಿ ಔಷಧ ಅಂಗಡಿ. ಕಾಲೇಜಿನ ದಿನಗಳಲ್ಲಿ, 1982ರಲ್ಲಿ, ಮುಂಬೈಯ ಅಂಗಡಿಯೊಂದರಲ್ಲಿ ಮೊದಲ ಸಲ ಡಿಸ್ಕಸ್ ಮೀನು ನೋಡಿದ್ದ. ಅಮೆಜಾನ್ ನದಿಯ ಮೀನು. ತೆಳ್ಳಗೆ, ದುಂಡಗೆ, ನೀರಿನಲ್ಲಿ ನಿಲ್ಲಿಸಿದ ರೊಟ್ಟಿಯ ಹಾಗೆ. ಆಗ ನೋಡಿದ್ದಕ್ಕೆ ಮೈತುಂಬ ನೀಲಿ ಗೆರೆಗಳಿದ್ದವು. ತೊಂಬತ್ತರ ದಶಕದ ನಡುವೆ ಅವನಿಗೆ ಮೀನು ಸಾಕುವ ಅನುಕೂಲ ಬಂದಾಗ ಆ ತಳಿ ಎಲ್ಲೂ ಸಿಗಲಿಲ್ಲ. ಜನ ಕೆಂಪು, ಬಿಳಿ, ಹಳದಿ ಕೇಳುತ್ತಿದ್ದರು. ಸಾಕುವವರು ಅದನ್ನೇ ಬೆಳೆಸಿದ್ದರು. ಹಳೆಯದು ಹೊಸದರಲ್ಲಿ ಬೆರೆತು ಹೋಗಿತ್ತು.

ಹಳೆಯ ಬಣ್ಣ ಬೇಕಾದರೆ ಕಾಡು ಮೀನಿನಿಂದಲೇ ಶುರು ಮಾಡಬೇಕಿತ್ತು. 1997ರಲ್ಲಿ ಅವನು ಕಲ್ಕತ್ತೆಯ ವ್ಯಾಪಾರಿಯೊಬ್ಬನಿಂದ ನದಿಯಲ್ಲೇ ಹಿಡಿದು ತಂದ ಕಂದು ಮೀನುಗಳನ್ನು ತರಿಸಿದ. ಅವಕ್ಕೆ ಹಣೆಯ ಮೇಲೆ, ರೆಕ್ಕೆಯ ಅಂಚಿಗೆ ಮಾತ್ರ ಗೆರೆ ಇತ್ತು. ಹುಟ್ಟಿದ ಮರಿಗಳಲ್ಲಿ ಹೆಚ್ಚು ಗೆರೆಯವನ್ನು ಆರಿಸಿ ಜೋಡಿ ಮಾಡಿದ. ಮೊದಲ ಪೀಳಿಗೆಯಲ್ಲಿ ಗೆರೆ ಅರ್ಧ ಮೈಗೆ ಬಂತು. ಎರಡನೆಯದರಲ್ಲಿ ಬಾಲ ಮುಟ್ಟಿತು, ಆದರೆ ನಡುನಡುವೆ ಮುರಿದಿತ್ತು. ಮೂರನೆಯದರಲ್ಲಿ ನಾಲ್ಕೇ ನಾಲ್ಕು ಮೀನುಗಳಿಗೆ ಮುರಿಯದ ಗೆರೆ ಬಂತು. ಅವುಗಳಲ್ಲಿ ಎರಡು ಜೋಡಿಯಾಗಿ ಜುಲೈನಲ್ಲಿ ಮೊದಲ ಸಲ ಮೊಟ್ಟೆ ಇಟ್ಟು, ತಾವೇ ತಿಂದುಹಾಕಿದವು. ಮೊದಲ ಸಲ ಹಾಗೆ ಆಗುವುದುಂಟು. ಎರಡನೆಯ ಸಲದ ಮೊಟ್ಟೆಗೆ ಮೆದು ನೀರು ಬೇಕೆಂದು ಧರಣೇಂದ್ರ ಮಾಳಿಗೆಯ ಮೇಲೆ ಮಳೆನೀರು ಹಿಡಿದಿಟ್ಟಿದ್ದ.

ತಳಿ ಬೆಳೆಸುವವರು ಬೇಡದ ಮರಿಗಳನ್ನು ಕೊಲ್ಲುತ್ತಾರೆ. ಜೈನರ ಆ ಮನೆಯಲ್ಲಿ ಅದು ಆಗದ ಮಾತು. ಬೇಡದವನ್ನೆಲ್ಲ ಮೂಡಲಗಿಯ ಹೈಸ್ಕೂಲ್ ಮಾಸ್ತರ ಶಿವಾನಂದ ಒಯ್ಯುತ್ತಿದ್ದ. ಅವನಿಗೂ ಮೀನಿನ ಹುಚ್ಚು.

"ಆರಿಸಿದ್ದು ನಿನಗ, ಹುಳಕ ನನಗ. ಪುಣ್ಯಾ ನಿನಗ, ಪಾಪ ನನಗ. ಭಾಳ ಶಾಣ್ಯಾ ಅದಿ ಸಾವ್ಕಾರ," ಎಂದು ಬಂದಾಗಲೆಲ್ಲ ಅನ್ನುತ್ತಿದ್ದ. ಕೊಲ್ಲುವುದು ಅವನಿಂದಲೂ ಆಗುತ್ತಿರಲಿಲ್ಲ. ಕೊಲ್ಹಾಪುರದ ಅಂಗಡಿಗೆ ಕಳಿಸುತ್ತಿದ್ದ.

ಸೋಮವಾರ ಧರಣೇಂದ್ರ ಅವನಿಗೇ ಫೋನು ಮಾಡಿದ. ಶಿವಾನಂದ ಸಾಲೆಗೆ ರಜೆ ಹಾಕಿ ಒಂಬತ್ತಕ್ಕೆ ಬಂದಿಳಿದ. ತೊಟ್ಟಿಯ ಮುಂದೆ ಬಗ್ಗಿ ನೋಡಿದವನು ಹಾಸ್ಯ ಮಾಡಲಿಲ್ಲ.

"ಹೊಸಾವು ಎಲ್ಲದಾವ?" ಎಂದು ಕೇಳಿದ.

ಹೊಸವು ಹಿಂದಿನ ಕೋಣೆಯಲ್ಲಿದ್ದವು. ಒಂದೇ ರಕ್ತದಲ್ಲಿ ಜೋಡಿ ಮಾಡುತ್ತ ಹೋದರೆ ತಳಿ ಸೊರಗುತ್ತದೆಂದು ಧರಣೇಂದ್ರ ಮೂರು ವಾರದ ಹಿಂದೆ ಇನ್ನೂ ಮೂರು ಕಾಡು ಮೀನು ತರಿಸಿದ್ದ. ಅವು ಆರಾಮಾಗಿದ್ದವು. ತಮಗೆ ಏನೂ ಆಗದೆ ರೋಗವನ್ನು ಹೊತ್ತು ತರುವ ಮೀನುಗಳಿರುತ್ತವೆ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಬಲಿ ಬ್ಯಾರೆ, ಪೈಪ ಬ್ಯಾರೆ, ಬಕೀಟ ಬ್ಯಾರೆ," ಎಂದ ಧರಣೇಂದ್ರ. "ಅಲ್ಲಿ ಕೈ ಹಾಕಿದ್ರ ಪರಮಾಂಗನೇಟ್ ನೀರಾಗ ತೊಳಕೊಂಡ ಇತ್ಲಾಗ ಬರತೇನಿ. ತ್ರಿಶಲಾಗೂ ಹೇಳೀನಿ." ತ್ರಿಶಲಾ ಅವನ ಹೆಂಡತಿ.

"ಮತ್ತ ಹೆಂಗ ಬಂತು?"

ಆಗ ಹಿಂದಿನ ಕೋಣೆಯಿಂದ ಕಮಲವ್ವ ಬಂದಳು. ಧರಣೇಂದ್ರನ ತಾಯಿ. ಕೈಯಲ್ಲಿ ಎರಡು ಮಡಿಕೆಯ ಬಿಳಿ ಅರಿವೆ, ಒದ್ದೆಯದು.

"ಯಾವಾಗ ಬಂದ್ಯೋ ಮಾಸ್ತರ? ಚಾ ಕುಡದ್ಯೋ ಇಲ್ಲೋ? ರೊಟ್ಟಿ ಮೀನಕ್ಕ ಆರಾಮಿಲ್ಲಂತ ನೋಡಪಾ," ಎಂದು ಮುಂದಿನ ತೊಟ್ಟಿಯ ಬಳಿ ಕುಳಿತಳು. ಮಗ ಬೆಳಿಗ್ಗೆ ತೆಗೆದಿಟ್ಟ ಹಳೆ ನೀರಿನ ಬಕೆಟ್ಟು ಅಲ್ಲಿತ್ತು. ಆ ನೀರನ್ನು ಅರಿವೆಯಲ್ಲಿ ಸೋಸಿದಳು. ಅರಿವೆಯನ್ನು ಮೆಲ್ಲಗೆ ತಿರುವಿ ಹಾಕಿ, ಸೋಸಿದ ನೀರನ್ನೇ ಮೇಲಿಂದ ಹನಿಸಿ, ಅದರಲ್ಲಿ ಉಳಿದದ್ದನ್ನು ತೊಟ್ಟಿಗೆ ಇಳಿಸಿದಳು.

ಅದು ಅವಳು ತವರುಮನೆ ಘೋಡಗೇರಿಯಲ್ಲಿ ಕಲಿತದ್ದು. ಕುಡಿಯುವ ನೀರು ಸೋಸಬೇಕು. ಅರಿವೆಯಲ್ಲಿ ಉಳಿದ ಜೀವಗಳನ್ನು ತಂದ ಬಾವಿಗೇ ಮರಳಿಸಬೇಕು, ಇನ್ನೊಂದಕ್ಕೆ ಹಾಕಬಾರದು. ಮೀನಿನ ನೀರು ಗಟಾರಕ್ಕೆ ಹೋಗುವುದನ್ನು ನೋಡಿ ಅವಳಿಗೆ ತಡೆಯಲಾಗಿರಲಿಲ್ಲ. ಮೊದಲ ಮರಿಗಳು ಹುಟ್ಟಿದಾಗ ಪೈಪಿನಲ್ಲಿ ಹೊರಬಿದ್ದ ಕೆಲವು ಮರಿಗಳು ಆ ಅರಿವೆಯಿಂದಲೇ ಉಳಿದಿದ್ದವು. ಧರಣೇಂದ್ರ ಅಂದಿನಿಂದ ಬೇಡವೆಂದಿರಲಿಲ್ಲ. ಮರಿಗಳು ತಂದೆ ತಾಯಿಯ ಮೈಗೆ ಅಂಟಿ ಲೋಳೆ ತಿಂದು ಬೆಳೆಯುವುದನ್ನು ನೋಡುತ್ತ ಕೂಡುವುದು ಅವಳಿಗೆ ಇಷ್ಟ. "ಮೊಲಿ ಇಲ್ದನ ಕೂಸ ಜ್ವಾಪಾನ ಮಾಡತಾವ ನೋಡ," ಎಂದು ಬಂದವರನ್ನೆಲ್ಲ ಕರೆದು ತೋರಿಸುತ್ತಿದ್ದಳು.

ಬಲೆ, ಪೈಪು, ಬಕೆಟ್ಟುಗಳನ್ನು ಬೇರೆ ಮಾಡಿದವನು ಅರಿವೆಯನ್ನು ಎಣಿಸಿರಲಿಲ್ಲ. ಅವನ ಕಣ್ಣಿಗೆ ಅದು ಮೀನು ಸಾಕುವ ಸಾಮಾನಾಗಿರಲಿಲ್ಲ, ತಾಯಿಯ ವ್ರತದಂತಿತ್ತು. ಹಿಂದಿನ ಕೋಣೆಯ ನೀರನ್ನೂ ಅವಳು ಅದೇ ಅರಿವೆಯಲ್ಲಿ ಸೋಸುತ್ತಿದ್ದಾಳೆ ಎಂಬುದು ಅವನಿಗೆ ಹೊಳೆದಿರಲೇ ಇಲ್ಲ. ಅವನು ಅಂಗಡಿಗೆ ಹೋದ ಮೇಲೆ ಅವಳ ಕೆಲಸ ನಡೆಯುತ್ತಿತ್ತು.

ಶಿವಾನಂದ ಬಾಯಿ ತೆರೆದ. ಧರಣೇಂದ್ರ ಅವನ ಮಣಿಕಟ್ಟು ಹಿಡಿದ.

ಇಬ್ಬರೂ ಹೊರಗೆ ಕಟ್ಟೆಯ ಮೇಲೆ ಬಂದು ಕುಳಿತರು.

"ಅವ್ವಾರಿಗೆ ಹೇಳಾಂವ?"

"ಇಲ್ಲ. ನೀನೂ ಹೇಳಬ್ಯಾಡ. ಇರುವಿ ತುಳದೀತಂತ ನೆಲಾ ನೋಡ್ಕೋತ ನಡಿಯಾಕಿ ಅಕಿ."

ಉಪ್ಪು ಹಾಕಿದರು, ನೀರಿನ ಬಿಸಿ ಏರಿಸಿದರು, ಅಂಗಡಿಯಲ್ಲಿದ್ದ ಔಷಧಗಳನ್ನು ಅಳೆದು ಕೊಟ್ಟರು. ಮಂಗಳವಾರ ಎರಡು ಸತ್ತವು. ಬುಧವಾರ ಜೋಡಿಯ ಹೆಣ್ಣು ಸತ್ತಿತು, ಗುರುವಾರ ಗಂಡು. ಮುಂದಿನ ಕೋಣೆಯ ಉಳಿದ ತೊಟ್ಟಿಗಳಲ್ಲಿದ್ದ ಹಿಂದಿನ ಪೀಳಿಗೆಯ ಮೀನುಗಳೂ ಕಪ್ಪಾಗಿ ವಾರದೊಳಗೆ ಹೋದವು. ತ್ರಿಶಲಾ ಹಿತ್ತಲದಲ್ಲಿ ಕುಣಿ ತೋಡಿ ಕೊಟ್ಟಳು. ಧರಣೇಂದ್ರ ಹೂಳಿದ. ಮೂಡಲಗಿಯಿಂದ ಶಿವಾನಂದ ಕೊಲ್ಹಾಪುರಕ್ಕೆ ಫೋನು ಹಚ್ಚಿದ. ಮುರಿದ ಗೆರೆಯವಾದರೂ ಸಿಕ್ಕರೆ ಅವುಗಳಿಂದ ಮತ್ತೆ ಶುರು ಮಾಡಬಹುದಿತ್ತು. ಯಾವವೂ ಉಳಿದಿರಲಿಲ್ಲ. ಯಾರ್ಯಾರು ಒಯ್ದರೋ ಅಂಗಡಿಯವನಿಗೆ ನೆನಪಿರಲಿಲ್ಲ.

ಮುಂದಿನ ಸೋಮವಾರ ಸಂಜೆ ಊಟಕ್ಕೆ ಕುಳಿತಾಗ ಕಮಲವ್ವ ಕೇಳಿದಳು.

"ಏನಾಗಿತ್ತೋ ಅವಕ್ಕ?"

"ಕರೆಂಟ ಹೋಗಿತ್ತವ್ವಾ. ನೀರ ತಣ್ಣಗಾಗಿ ಸತ್ತು."

"ಯಾವಾಗ ಹೋಗಿತ್ತು?"

"ಅವತ್ತ ರವಿವಾರ. ಮಧ್ಯಾಹ್ನ."

"ರವಿವಾರ ಮಧ್ಯಾಹ್ನ ನಾ ಟೀವ್ಯಾಗ ಪ್ರವಚನ ಕೇಳಾಕತ್ತಿದ್ನಿ. ಸಾಲಿಗಿ ಹೋಗುವಾಗನೂ ನಿನಗ ಸುಳ್ಳ ಹೇಳಾಕ ಬರತಿರಲಿಲ್ಲ. ಖರೆ ಹೇಳ."

ತ್ರಿಶಲಾ ಗಂಡನಿಗೆ ಕಣ್ಣಿನಲ್ಲೇ ಬೇಡವೆಂದಳು. ಅವನು ತಾಟಿನಲ್ಲಿ ರೊಟ್ಟಿ ಮುರಿಯುತ್ತ ಕುಳಿತ. ತಾಯಿ ಉಣ್ಣದೆ ಕಾದಳು.

"ಹಿಂದಿನ ಖೋಲ್ಯಾಗಿನ ರೋಗ ಮುಂದಿನ ತೊಟ್ಟಿಗಿ ಬಂತು," ಎಂದ ಕೊನೆಗೆ.

"ಯಾರ ತಂದ್ರು?"

ಹಗ್ಗದ ಮೇಲೆ ಅರಿವೆ ಒಣಗುತ್ತಿತ್ತು. ಅವನ ಕಣ್ಣು ಅತ್ತ ಹೋಯಿತು. ಅವಳೂ ಅತ್ತ ನೋಡಿದಳು.

"ನಾ ಅದರದ ಅದಕ್ಕ ಹಾಕೀನಿ, ಇದರದ ಇದಕ್ಕ," ಎಂದಳು. "ಒಂದರದ ಇನ್ನೊಂದಕ್ಕ ಹಾಕಿಲ್ಲೋ ತಮ್ಮಾ. ಅರಬಿ ತೊಳದಽ ತಂದೀನಿ."

"ಹೌದವ್ವಾ. ನೀ ತಪ್ಪ ಮಾಡಿಲ್ಲ. ಹಸಿ ಅರಬ್ಯಾಗ ತೊಳದ್ರೂ ಉಳೀತೈತಿ. ಕಣ್ಣಿಗಿ ಕಾಣೂದಿಲ್ಲ."

"ಕಣ್ಣಿಗಿ ಕಾಣದ್ದಕ್ಕಽ ಅಲ್ಲೇನೋ ನಾ ನೀರ ಗಾಳಸೂದು?"

"ಅತ್ತೀ, ನಿಮಗ ಯಾರೂ ಹೇಳಿರಲಿಲ್ರಿ," ಎಂದಳು ತ್ರಿಶಲಾ. "ಹೇಳೂದು ಇವರ ಕೆಲಸ ಇತ್ತು."

"ಎಲ್ಲಾ ಸತ್ತುವೇನ?"

"ಮುಂದಿನ ಖೋಲ್ಯಾಗಿನಾವು ಎಲ್ಲಾ," ಎಂದ ಧರಣೇಂದ್ರ.

ಕಮಲವ್ವ ತಾಟಿಗೆ ಕೈ ಮುಗಿದು ಎದ್ದಳು. ಹೊತ್ತು ಮುಳುಗಿದ ಮೇಲೆ ಅವಳು ಉಣ್ಣುತ್ತಿರಲಿಲ್ಲ. ಆ ದಿನ ಮತ್ತೆ ಉಣ್ಣಲಿಲ್ಲ.

ಮರುದಿನದಿಂದ ಅವಳು ನೀರು ಸೋಸುವ ಅರಿವೆ ಮುಟ್ಟಲಿಲ್ಲ. ಮನೆಯ ಕುಡಿಯುವ ನೀರನ್ನು ತ್ರಿಶಲಾ ಸೋಸತೊಡಗಿದಳು. ಹಿಂದಿನ ಕೋಣೆಯ ಮೂರು ಮೀನುಗಳನ್ನು ಕೊಲ್ಲುವಂತಿರಲಿಲ್ಲ, ಇನ್ನೊಬ್ಬರಿಗೆ ಕೊಡುವಂತೆಯೂ ಇರಲಿಲ್ಲ. ಧರಣೇಂದ್ರ ಅವನ್ನು ಜೋಡಿ ಮಾಡಲಿಲ್ಲ. ದಿನಾ ನೀರು ಬದಲಿಸಿ ಕಾಳು ಹಾಕಿದ. ಕೊನೆಯದು 2009ರ ಫೆಬ್ರುವರಿಯಲ್ಲಿ ಸತ್ತಿತು.