ಆರೋಗ್ಯವಾಗಿರುವ ಸ್ಥಿತಿಯಲ್ಲಿ

“ಹೆಬ್ಬೆಟ್ಟು ಒತ್ತು ಅಂದ್ರೆ ಪೇಪರ್ನೇ ಗುರಾಯಿಸ್ಕಂಡ್ ಕೂತವ್ಳೆ ನೋಡು, ಕಾಡು ಮುಂಡೆ. ಒತ್ತೇ ಬೇಗ.”

ದಫೇದಾರ ಗುರುಮಲ್ಲಪ್ಪ ಇಂಕಿನ ಪ್ಯಾಡನ್ನು ನನ್ನತ್ತ ತಳ್ಳಿದ. ನಾನು ಕಾಗದ ಓದುತ್ತಿದ್ದೆ. ಆಶ್ರಮ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿದ್ದೇನೆ. ಜೇನುಕುರುಬರ ಹೆಂಗಸಿಗೆ ಓದು ಬರುತ್ತದೆಂದು ಅವನಿಗೆ ಹೊಳೆದಿರಲಿಲ್ಲ.

ನನ್ನ ಗಂಡ ಬೊಳ್ಳ ಬೀಚನಹಳ್ಳಿ ಹತ್ತಿರದ ರೆಸಾರ್ಟಿನಲ್ಲಿ ಕಸ ಗುಡಿಸುತ್ತಾನೆ. ಮೊನ್ನೆ ಅಲ್ಲಿ ಯಾರೋ ಪ್ರವಾಸಿಯ ಕ್ಯಾಮೆರಾ ಕಾಣೆಯಾಯಿತು. ಅವತ್ತು ಕೆಲಸದಲ್ಲಿದ್ದವರು ಹನ್ನೊಂದು ಜನ. ಪೊಲೀಸರು ಜೀಪಿಗೆ ಹತ್ತಿಸಿದ್ದು ಕಾಡಂಚಿನ ನಮ್ಮ ಹಾಡಿಯ ಬೊಳ್ಳನೊಬ್ಬನನ್ನೇ. ಎರಡು ದಿನ ಠಾಣೆಯ ಗೇಟಿನ ಹೊರಗೆ ಕೂತೆ. ಮುಖ ನೋಡಲೂ ಬಿಡಲಿಲ್ಲ. ಇವತ್ತು ಬೆಳಿಗ್ಗೆ ಕ್ಯಾಮೆರಾ ಆ ಪ್ರವಾಸಿಯ ಕಾರಿನ ಸೀಟಿನಡಿಯಲ್ಲೇ ಸಿಕ್ಕಿತಂತೆ.

ನಾನು ಗಟ್ಟಿಯಾಗಿ ಓದಿದೆ: “ಯಾವುದೇ ಗಾಯಗಳಿಲ್ಲದೆ ಆರೋಗ್ಯವಾಗಿರುವ ಸ್ಥಿತಿಯಲ್ಲಿ ನನ್ನ ಗಂಡನನ್ನು ವಶಕ್ಕೆ ಪಡೆದಿರುತ್ತೇನೆ.”

ಗುರುಮಲ್ಲಪ್ಪ ಇಂಕಿನ ಪ್ಯಾಡು ಮುಚ್ಚಿ ಪೆನ್ನು ಮುಂದಿಟ್ಟ. “ಓ, ಓದಕ್ ಬತ್ತದಾ. ಅಂಗಾರೆ ಸೈನೇ ಆಕು.”

“ಮೊದ್ಲು ಅವ್ನ ತೋರ್ಸಿ ಸಾಮಿ.”

ಒಳಕೋಣೆಯ ಬಾಗಿಲು ತೆರೆದ. ಬೊಳ್ಳ ಗೋಡೆಗೊರಗಿ ಕೂತಿದ್ದ. ಅಂಗಾಲುಗಳು ಊದಿ ಕಪ್ಪಾಗಿದ್ದವು. ನನ್ನನ್ನು ಕಂಡು ಮುಖ ತಿರುಗಿಸಿಕೊಂಡ.

“ಕದ್ದೆ ಅಂತ ಒಪ್ಕಬುಟ್ಟೆ ಕಣೇ,” ಅಂದ. “ಏಟು ತಡ್ಕಳಕಾಗ್ನಿಲ್ಲ.”

“ಕೇಳಿಸ್ತಾ?” ಅಂದ ಗುರುಮಲ್ಲಪ್ಪ. “ಆ ಹೇಳ್ಕೆ ನಮ್ಮತ್ರ ಭದ್ರವಾಗದೆ. ಕ್ಯಾಮೆರಾ ಇಲ್ದಿದ್ರೆ ಏನಾಯ್ತು, ನಿಮ್ ಗುಡ್ಲಲ್ಲಿ ಜಿಂಕೆ ಮಾಂಸ ಸಿಗಂಗ್ ಮಾಡದು ನಮ್ಗೇನ್ ಕಷ್ಟ ಅಲ್ಲ. ಸೈನ್ ಆಕಿ ಕರ್ಕಂಡೋಗ್ತಾ ಇರು.”

ಪೆನ್ನು ಹಿಡಿದುಕೊಂಡೆ. ಬಾಯಲ್ಲಿ ಬಂದದ್ದೇ ಬೇರೆ.

“ಆರೋಗ್ಯವಾಗವ್ನೆ ಅಂತ ತಾನೆ ಬರ್ದಿರದು? ಅಂಗಾರೆ ಈ ಮೇಜಿನ್ ತಾವ್ಕೆ ಅವ್ನೇ ನಡ್ಕಂಡ್ ಬರ್ಲಿ ಸಾಮಿ. ಬಂದ್ರೆ ಆಕ್ತೀನಿ.”

ಪಾಸ್‌ಪೋರ್ಟ್ ವಿಚಾರಕ್ಕೆ ಬಂದು ಕುರ್ಚಿಯಲ್ಲಿ ಕೂತಿದ್ದ ಗಂಡಹೆಂಡತಿ ತಲೆ ಬಗ್ಗಿಸಿ ಮೊಬೈಲು ನೋಡತೊಡಗಿದರು.

“ಬ್ಯಾಡ ಕಣೇ, ಓಗವಾ,” ಎಂದು ಬೊಳ್ಳ ಗೋಡೆ ಹಿಡಿದು ಎದ್ದ. ಒಂದು ಹೆಜ್ಜೆ ಇಟ್ಟು ಕುಸಿದ.

ನಾನು ಹೋಗಿ ಅವನ ಪಕ್ಕ ನೆಲದ ಮೇಲೆ ಕೂತೆ. “ಇವ್ನ ಕಾಲು ಎಂಗದೋ ಅಂಗೇ ಬರೀರಿ. ಅಲ್ಲೀಗಂಟ ನಾವ್ ಎಲ್ಗೂ ಓಗಕಿಲ್ಲ.”

ಗುರುಮಲ್ಲಪ್ಪ ಆ ದಂಪತಿಯ ಕಡೆ ತಿರುಗಿದ. “ಸಾರ್, ಮೇಡಮ್, ನೀವು ಒಂದೈದು ನಿಮಿಷ ಹೊರಗಡೆ ಕೂತಿರಿ,” ಎಂದ, ಮೆತ್ತಗೆ.

ಅವರು ಲಗುಬಗೆಯಿಂದ ಎದ್ದು ಹೋದರು. ಅವನು ಠಾಣೆಯ ಬಾಗಿಲು ಮುಚ್ಚಿ, ಒಳಗಿನಿಂದ ಅಗುಳಿ ಹಾಕಿದ.