ಸ್ವೀಟ್‌ನ ಇಪ್ಪತ್ತನೆಯ ಅರ್ಥ

ನಿಘಂಟಿನ ಕೆಲಸಕ್ಕೆ ಸೇರಿದ ಮೇಲೆ ವರ್ಲಿನ್ ಕ್ವಾಶಿಗೆ ಸ್ವೀಟ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ತಲೆ ಚಿಟ್ಟು ಹಿಡಿಯುತ್ತಿತ್ತು. ಸಕ್ಕರೆಯ ರುಚಿಗಷ್ಟೇ ಅಂಟಿಕೊಂಡು ಕೂರುವ ಮಾತೇ ಅದು? ಈ ದ್ವೀಪಗಳ ಇಂಗ್ಲಿಷಿನಲ್ಲಿ ಉಪ್ಪುಮೀನಿನ ಸಾರು ಚೆನ್ನಾಗಿದ್ದರೂ ಸ್ವೀಟ್, ಎರಡು ಗುಟುಕು ರಮ್ ತಲೆಗೇರಿದವನೂ ಸ್ವೀಟ್, ಕೆಮ್ಮದೆ ಓಡುವ ದೋಣಿಯ ಇಂಜಿನ್ನೂ ಸ್ವೀಟ್. ಕೈರುಚಿ ಇರುವವಳದು ಸ್ವೀಟ್ ಕೈ, ಬೆಣ್ಣೆ ಹಚ್ಚಿ ಮಾತಾಡುವವನದು ಸ್ವೀಟ್ ಬಾಯಿ, ಹೆಂಗಸಿನ ದುಡಿಮೆಯಲ್ಲಿ ಇಸ್ತ್ರಿ ಅಂಗಿ ತೊಟ್ಟು ತಿರುಗುವ ಪುಣ್ಯಾತ್ಮ ಸ್ವೀಟ್ ಗಂಡಸು. ಅರ್ಥಕ್ಕೊಂದು ಕಾರ್ಡಿನಂತೆ ಬರೆದು ಬರೆದು ಹತ್ತೊಂಬತ್ತು ಕಾರ್ಡುಗಳಾಗಿದ್ದವು.

ಕಾರ್ಡು ತುಂಬಿಸುವುದಕ್ಕೆ ಒಂದು ನೇಮವಿತ್ತು. ಮಾತು ಸಿಕ್ಕಿದ ಊರಿನ ಮೂವರು, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳದಂತೆ, ಒಂದೇ ಅರ್ಥವನ್ನು ತಾವಾಗಿ ಹೇಳಬೇಕು. ಬ್ರಿಜ್‌ಟೌನಿನ ಕಚೇರಿಯಲ್ಲಿ ಕೂತ ಸಂಪಾದಕ ಡಾಕ್ಟರ್ ಅಲೀನ್ ಈ ವಿಷಯದಲ್ಲಿ ಬಹಳ ಬಿಗಿ. ಒಂದೇ ಒಂದು ಸುಳ್ಳು ಕಾರ್ಡು ಸಿಕ್ಕಿದರೂ ಅದನ್ನು ತಂದವರ ಕಾರ್ಡುಗಳನ್ನೆಲ್ಲ ಬದಿಗಿಟ್ಟು, ಹೊಸಬರನ್ನು ಕಳಿಸಿ ಮೊದಲಿನಿಂದ ವಿಚಾರಿಸುತ್ತಿದ್ದರು. ಹಿಂದೆ ಒಬ್ಬನಿಗೆ ಹಾಗೆ ಮಾಡಿ ಮನೆಗೆ ಕಳಿಸಿಯೂ ಇದ್ದರು. ವರ್ಲಿನ್ ಎರಡು ವರ್ಷ ಬಿಸಿಲಲ್ಲಿ ಅಲೆದು ಎಂಟುನೂರು ಕಾರ್ಡು ಕೂಡಿಸಿದ್ದಳು. ಈ ಕೆಲಸಕ್ಕೆಂದೇ ಶಾಲೆಯ ನೌಕರಿ ಬಿಟ್ಟಿದ್ದಳು.

ಕ್ಯಾರಿಯಾಕು ದ್ವೀಪದ ವಿಂಡ್‌ವರ್ಡ್ ದೋಣಿ ಕಟ್ಟುವವರ ಊರು. ಅಲ್ಲಿಯ ಅನ್ಸೆಲ್ಮ್ ಮೆಕ್‌ಲಾರೆನ್‌ಗೆ ಎಪ್ಪತ್ತೊಂದು ವರ್ಷ. ಮರ ಕೆತ್ತುವ ಬಾಚಿ ಹಿಡಿದರೆ ಇವತ್ತಿಗೂ ಕೈ ನಡುಗದು. ನಾಲಿಗೆಯಂತೂ ಬಾಚಿಗಿಂತ ಹರಿತ.

"ಟೀಚರಮ್ಮ, ಆ ಎದುರು ದ್ವೀಪದೋರು ನಿನ್ ಪುಸ್ತಕಕ್ಕೆ ಎರಡು ಮಾತು ಕೊಟ್ರಂತೆ, ಹೌದಾ? ಆ ಸೀಗಡಿ ಹಿಡಿಯೋ ಮೂತಿಗಳು?"

"ಎರಡಲ್ಲ ಅಜ್ಜ, ಮೂರು."

"ನಮ್ಮೂರಿಂದ?"

"ಹೊಸದು ಒಂದೂ ಇಲ್ಲ."

ಅಜ್ಜನ ಮುಖ ಹುಳಿ ಮಾವು ಕಚ್ಚಿದಂತಾಯಿತು. ಬಾಚಿ ಕೆಳಗಿಟ್ಟ. ಸ್ವಲ್ಪ ಹೊತ್ತು ಕಡಲು ನೋಡಿದ. ಆಮೇಲೆ, "ಸ್ವೀಟ್ ಅಂತ ಇನ್ನೊಂದಿದೆಯಲ್ಲ, ಯಾರೂ ಹೇಳ್ಲಿಲ್ವಾ ನಿಂಗೆ?" ಅಂದ. ತಿಂಗಳುಗಟ್ಟಲೆ ಕಡಲಲ್ಲಿದ್ದು ವಾಪಸು ಬರುವಾಗ, ಊರಿನ ಬೆಟ್ಟ ಮೊದಲು ಕಣ್ಣಿಗೆ ಬೀಳುತ್ತದಲ್ಲ, ಆ ಗಳಿಗೆಗೆ ಬೆಟ್ಟ ಸ್ವೀಟ್ ಆಯಿತು ಅನ್ನುತ್ತಾರಂತೆ. "ನಮ್ಮಪ್ಪ ಅನ್ನೋರು. ಬೆಟ್ಟ ಸ್ವೀಟ್ ಆಯ್ತು ಅಂದೋರೇ ಟೋಪಿ ತೆಗೆಯೋರು."

ವರ್ಲಿನ್‌ಗೆ ಮೈ ಜುಮ್ಮೆಂದಿತು. ಇಂಥ ಒಂದು ಕಾರ್ಡಿಗಾಗಿಯೇ ಅವಳು ಇಷ್ಟು ದಿನ ಕಾದಿದ್ದಳು. ಎರಡು ದಿನದಲ್ಲಿ ಅಂಗಡಿಯ ಅಡೀನಾ ಕೂಡ ಅದೇ ಅರ್ಥ ಹೇಳಿದಳು. ಇನ್ನು ಬೇಕಾಗಿದ್ದವನು ಮೂರನೆಯವನು.

ಯಾರು ಎಂಬುದಕ್ಕೆ ವರ್ಲಿನ್ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಅನ್ಸೆಲ್ಮನ ತಮ್ಮ ಕಾಸ್ಮೊ ಇದ್ದ. ಅಣ್ಣತಮ್ಮಂದಿರು ಮಾತು ಬಿಟ್ಟು ಒಂಬತ್ತು ವರ್ಷ. ಆ ಊರಲ್ಲಿ ಹೊಸ ದೋಣಿಯನ್ನು ನೀರಿಗಿಳಿಸುವ ದಿನ ಅದಕ್ಕೆ ಕೊಟ್ಟ ಆನಿಕೆಯ ಕಂಬಗಳನ್ನು ಒಂದೊಂದಾಗಿ ಕಡಿದು ದೋಣಿಯನ್ನು ಮಗ್ಗುಲಿಗೆ ಮಲಗಿಸುತ್ತಾರೆ. ಮೊದಲ ಏಟು ಮನೆಯ ಹಿರಿಯನದು. ಒಂಬತ್ತು ವರ್ಷದ ಹಿಂದೆ, ಹೊಟ್ಟೆಯಲ್ಲಿ ಜ್ಯಾಕ್ ಐರನ್ ಎಂಬ ಖಡಕ್ ರಮ್ ಸ್ವಲ್ಪ ಜಾಸ್ತಿಯಾಗಿ, ಅಣ್ಣ ಕೊಡಲಿ ಎತ್ತುವ ಮೊದಲೇ ತಮ್ಮ ಹೊಡೆದುಬಿಟ್ಟ. ಊರೆಲ್ಲ ನೋಡಿತು. ಅಂದಿನಿಂದ ಒಬ್ಬ ಬರುವ ದಾರಿಯಲ್ಲಿ ಇನ್ನೊಬ್ಬ ಬರುವುದಿಲ್ಲ. ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಕ್ಕೀತು? ವರ್ಲಿನ್ ಆ ಖುಷಿಯಲ್ಲಿ ಅಡೀನಾಳ ಅಂಗಡಿಯಲ್ಲಿ ಕೋಕೋ ಚಹಾ ಕುಡಿಯುತ್ತ, "ನಾಳೆ ಕಾಸ್ಮೊ ಅಜ್ಜನ ಹತ್ರ ಹೋಗ್ತೀನಿ" ಅಂದುಬಿಟ್ಟಳು. ಮಾತುಗಳನ್ನು ಕೂಡಿಸುವುದೇ ಕಸುಬಾದವಳಿಗೆ ತನ್ನ ಬಾಯಿ ಮುಚ್ಚಿಕೊಳ್ಳಲು ಬರಲಿಲ್ಲ.

ಕಾಸ್ಮೊ ತಡವರಿಸದೆ ಹೇಳಿದ. ಬೆಟ್ಟ, ಸ್ವೀಟ್, ಅಪ್ಪನ ಟೋಪಿ, ಎಲ್ಲ ಸರಿ ಇತ್ತು. ವರ್ಲಿನ್ ಕಾರ್ಡಿನ ಕೆಳಗೆ ಟಿಪ್ಪಣಿ ಬರೆದಳು: ಸಾಕ್ಷಿ ಒಂದು ಮತ್ತು ಮೂರರ ನಡುವೆ ಒಂಬತ್ತು ವರ್ಷದಿಂದ ಮಾತಿಲ್ಲ. ಮೂರು ವಾರಕ್ಕೆ ಡಾಕ್ಟರ್ ಅಲೀನ್‌ರ ಉತ್ತರ ಬಂತು. ಯಾರನ್ನೂ ಹೊಗಳದ ಆ ಮನುಷ್ಯ, ಈ ಕಾರ್ಡು ನಮ್ಮ ನಿಘಂಟಿಗೇ ಒಂದು ಶೋಭೆ, ಅಚ್ಚಿಗೆ ಕಳಿಸುತ್ತಿದ್ದೇನೆ ಎಂದು ಬರೆದಿದ್ದರು.

ಪತ್ರ ಕೈಯಲ್ಲಿ ಹಿಡಿದು ವರ್ಲಿನ್ ಬೆಳಗ್ಗೆಯೇ ಕಾಸ್ಮೊನ ಮನೆಗೆ ಹೊರಟಳು. ಬೇಲಿಯ ಹತ್ತಿರ ಬರುವಷ್ಟರಲ್ಲಿ ಒಳಗೆ ಎರಡು ದನಿ ಕೇಳಿಸಿ ಹೆಜ್ಜೆ ನಿಂತಿತು.

"ಟೋಪಿ ವಿಷಯ ನೀನು ಹೇಳ್ಬಾರ್ದಿತ್ತು ಕಣೋ. ಅದು ನಂದು. ಗಿಣಿ ಪಾಠ ಒಪ್ಪಿಸಿದ ಹಾಗೆ ಎಲ್ಲಾ ಒಪ್ಪಿಸ್ಬಿಟ್ಟಿದೀಯ."

"ನೀನೇ ತಾನೆ ಅಣ್ಣ ಹೇಳ್ಕೊಟ್ಟಿದ್ದು? ಇಲ್ಲೇ, ಈ ತೊಲೆ ಮೇಲೆ ಕೂತ್ಕೊಂಡು? ಸುಳ್ಳು ಹುಟ್ಟಿಸೋನು ಸರಿಯಾಗಿ ಹುಟ್ಟಿಸ್ಬೇಕು. ಅಪ್ಪ ಯಾವತ್ತು ಟೋಪಿ ಹಾಕಿದ್ರು? ಅಪ್ಪನ ತಲೇಲಿ ಟೋಪಿ ನಿಲ್ತಿರ್ಲಿಲ್ಲ, ಅಷ್ಟು ಬೋಳು ಬುರುಡೆ."

ಇಬ್ಬರೂ ನಕ್ಕರು. ಮುದುಕರಿಬ್ಬರೂ ಹೊಟ್ಟೆ ಹಿಡಿದು ನಕ್ಕರು.

ವರ್ಲಿನ್ ಪತ್ರವನ್ನು ಚೀಲಕ್ಕೆ ತುರುಕಿದಳು. ಬೇಲಿ ದಾಟಿ ಒಳಗೆ ಬಂದಳು. ನಗು ನಿಂತಿತು.

"ಬೆಟ್ಟ ಸ್ವೀಟ್ ಆಗೋದು, ಸುಳ್ಳಾ?"

ಅನ್ಸೆಲ್ಮ್ ನೆಲ ನೋಡಿದ. "ಆ ಸೀಗಡಿ ಮೂತಿಗಳಿಗೆ ಮೂರು ಮಾತು, ನಮಗೆ ಒಂದೂ ಇಲ್ಲ ಅಂದ್ರೆ ಹೊಟ್ಟೆ ಉರಿಯಲ್ವಾ ತಾಯಿ? ಅಡೀನಾಗೆ ಹೇಳ್ಕೊಟ್ಟೆ. ಆಮೇಲೆ ನೀನು ಇವನ ಹತ್ರ ಹೋಗ್ತೀಯ ಅಂತ ಅವಳೇ ಬಂದು ಹೇಳಿದ್ಲು. ಇವನಿಗೆ ಗೊತ್ತಿಲ್ದೆ ಇದ್ರೆ ನಾನು ಸುಳ್ಳುಗಾರ ಆಗ್ತೀನಲ್ಲ, ಅದೂ ಇವನ ಮುಂದೆ. ರಾತ್ರಿಯೆಲ್ಲ ಹೊರಳಾಡಿದೆ. ಬೆಳಗ್ಗೆ ಎದ್ದು ಬಂದೆ."

"ಬಂದು ಬಾಗಿಲಲ್ಲಿ ಅರ್ಧ ಗಂಟೆ ನಿಂತಿದ್ದ," ಕಾಸ್ಮೊ ಅಂದ. "ನಾನು ಯಾರೋ ಸತ್ತಿದಾರೆ ಅಂದ್ಕೊಂಡೆ."

"ನನ್ನ ಎಂಟುನೂರು ಕಾರ್ಡು ಹೋಗುತ್ತೆ ಅಜ್ಜ, ನಿಮ್ಮ ಒಂದು ಸುಳ್ಳಿಗೆ," ವರ್ಲಿನ್ ಅಂದಳು. ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಪುಸ್ತಕ ಅಚ್ಚಾಗುತ್ತದೆ, ಮುಂದೆ ಯಾವುದೋ ಶಾಲೆಯ ಮಗು ಅದನ್ನು ನಿಜವೆಂದು ಬಾಯಿಪಾಠ ಮಾಡುತ್ತದೆ. ಚೀಲದಿಂದ ಕಾಗದ ತೆಗೆದು ತೊಲೆಯ ಮೇಲೆ ಕೂತಳು.

"ಏನ್ ಬರೀತೀಯ?" ಅನ್ಸೆಲ್ಮ್ ಕೇಳಿದ.

"ಈ ಕಾರ್ಡು ಹೊಡೆದುಹಾಕಿ ಅಂತ."

ಅವಳ ಪೆನ್ನು ಎರಡು ಸಾಲು ಓಡಿತು. ಆಮೇಲೆ ಕಾಸ್ಮೊ ಅಣ್ಣನ ಕಡೆ ನೋಡದೆ, ವರ್ಲಿನ್‌ಳನ್ನೇ ಮೆಲ್ಲಗೆ ಕೇಳಿದ: "ಹಂಗಾದ್ರೆ ನಾವಿಬ್ರೂ ಮತ್ತೆ ಮಾತು ಬಿಡ್ಬೇಕಾ?"

ತಮಾಷೆಗೆ ಕೇಳಿದನೇನೋ ಎಂದು ಅವಳು ತಲೆ ಎತ್ತಿದಳು. ಅರವತ್ತಾರು ವರ್ಷದ ಆ ಮನುಷ್ಯನ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಅನ್ಸೆಲ್ಮ್ ಕೈಯಲ್ಲಿದ್ದ ಮರದ ಚಕ್ಕೆಯನ್ನು ತಿರುಗಿಸುತ್ತ ಕೂತಿದ್ದ.

"ಅದಕ್ಕೆ ನನ್ನ ಪುಸ್ತಕದಲ್ಲಿ ನೇಮ ಇಲ್ಲ ಅಜ್ಜ," ಅಂದಳು ವರ್ಲಿನ್.

ಅವಳು ಬರೆದು ಮುಗಿಸಿದಾಗ, ಓದಿ ಹೇಳು ಅಂದ ಅನ್ಸೆಲ್ಮ್. ಅವನಿಗೆ ಓದು ಬಾರದು. ಅವಳು ಓದಿದಳು: "ಮಾನ್ಯರೇ, ಸ್ವೀಟ್‌ನ ಇಪ್ಪತ್ತನೆಯ ಅರ್ಥವನ್ನು ದಯವಿಟ್ಟು ತೆಗೆದುಹಾಕಿ. ಅದು ಸುಳ್ಳು. ಸಾಕ್ಷಿಗಳು ಒಬ್ಬರ ಜೊತೆ ಒಬ್ಬರು ಮಾತಾಡುವುದಿಲ್ಲ ಎಂದು ನಾನು ಬರೆದದ್ದು ತಪ್ಪಾಯಿತು. ಅಣ್ಣತಮ್ಮಂದಿರು ಮಾತಾಡಿಕೊಂಡಿದ್ದಾರೆ. ನನ್ನ ಉಳಿದ ಕಾರ್ಡುಗಳ ಬಗ್ಗೆ ತಾವು ಏನು ತೀರ್ಮಾನಿಸಿದರೂ ಒಪ್ಪಿಗೆಯಿದೆ."

ಅನ್ಸೆಲ್ಮ್ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ.

"ಆ ಮೂರನೇ ಸಾಲಿದೆಯಲ್ಲ," ಅಂದ.

"ನಾಲ್ಕನೇದು," ಕಾಸ್ಮೊ ತಿದ್ದಿದ.

"ನೀನು ಸುಮ್ನಿರೋ. ತಾಯಿ, ಅದನ್ನ ಇನ್ನೊಂದ್ಸಲ ಓದು."

ವರ್ಲಿನ್ ಓದಿದಳು.