ಸಕ್ಕರೆ ಡಬ್ಬಿಯೊಳಗಿನ ಚೀಟಿ

ಫೆಬ್ರವರಿಯ ಆ ಸೋಮವಾರ ಆಕಾಶದಲ್ಲಿ ತುಣುಕು ಮೋಡವೂ ಇರಲಿಲ್ಲ. ಆದರೂ ಬೆಳಿಗ್ಗೆ ಊರಿನ ತಾಯಂದಿರ ಫೋನುಗಳಿಗೆಲ್ಲ ಒಂದೇ ಸಂದೇಶ ಬಂತು: "ಭಾರೀ ಹಿಮ. ಶಾಲೆಗಳಿಗೆ ರಜೆ."

ಆ ಸಂದೇಶವನ್ನು ತಾನಾಗಿ ಕಳಿಸುವ ಪುಟ್ಟ ಕಂಪ್ಯೂಟರ್ ಪ್ರೋಗ್ರಾಂ, ಅಂದರೆ ಶೆಲ್ ಸ್ಕ್ರಿಪ್ಟನ್ನು ನೋಡಿಕೊಳ್ಳುವವಳು ಮಾರ್ಲಿಸ್. ಮಿನ್ನೆಸೋಟದ ಆ ಪುಟ್ಟ ಊರಿನ ಶಾಲಾ ಕಚೇರಿಯಲ್ಲಿ ಕಂಪ್ಯೂಟರ್ ವಿಭಾಗವೆಂದರೆ ಅವಳೊಬ್ಬಳೇ. ಸ್ಕ್ರಿಪ್ಟಿನಲ್ಲಿ 'ರಜೆ' ಎಂಬ ವೇರಿಯಬಲ್, ಅಂದರೆ ಮಾಹಿತಿ ತುಂಬುವ ಖಾನೆ, ಇತ್ತು. ಹಿಮ ಬೀಳದ ದಿನ ಅದು ಖಾಲಿ ಇರುತ್ತಿತ್ತು. ಖಾಲಿ ಬಿಡುವುದು ಅಶಿಸ್ತು ಎಂದು ಮೇಲಧಿಕಾರಿ ವರ್ನ್ ಹೌಟಲ ಹಿಂದಿನ ವಾರದ ಕೊನೆಗೆ ಅಲ್ಲಿ 'ಫಾಲ್ಸ್', ಅಂದರೆ 'ಇಲ್ಲ', ಎಂದು ಬರೆಸಿದ್ದ.

"ವರ್ನ್, ಸ್ಕ್ರಿಪ್ಟು ಒಳಗೇನು ಬರೆದಿದೆ ಅಂತ ಓದಲ್ಲ. ಏನಾದ್ರೂ ಇದೆಯಾ ಅಂತಷ್ಟೇ ನೋಡತ್ತೆ. ಸಕ್ಕರೆ ಡಬ್ಬಿಲಿ 'ಸಕ್ಕರೆ ಮುಗಿದಿದೆ' ಅಂತ ಚೀಟಿ ಹಾಕಿಟ್ರೆ, ಡಬ್ಬಿ ಖಾಲಿ ಇಲ್ವಲ್ಲ, ಸಕ್ಕರೆ ಇದೆ ಅನ್ನತ್ತೆ" ಎಂದಳು ಮಾರ್ಲಿಸ್.

"ಹಂಗಾದ್ರೆ ನಾವು ಇನ್ನೂ ಗಟ್ಟಿಯಾಗಿ ಹೇಳ್ಬೇಕು!"

'ಫಾಲ್ಸ್' ಎಂಬುದನ್ನೇ ದೊಡ್ಡ ಅಕ್ಷರಗಳಲ್ಲಿ ಬರೆಸಿದ. ಮಂಗಳವಾರವೂ ರಜೆ, ಮಕ್ಕಳು ಹಿಮದಲ್ಲಿ ಜಾರುವ ಗಾಡಿ ಹಿಡಿದು ಒಣ ಅಂಗಳದಲ್ಲಿ ನಿಂತರು. ಶಾಲಾ ಸಮಿತಿ ಸೇರಿತು, ಕಾಫಿ ಕುಡಿಯಿತು, 'ಖಂಡಿತವಾಗಿಯೂ ಫಾಲ್ಸ್' ಎಂದು ಬರೆಸಲು ಒಮ್ಮತದಿಂದ ತೀರ್ಮಾನಿಸಿತು.

"ಶನಿವಾರ ಮತ್ತೆ ಸೇರೋಣ. ಮಾರ್ಲಿಸ್, ಬರ್ತೀರಲ್ಲ?"

"ಇಲ್ಲ ವರ್ನ್. ಅವತ್ತು ಮಗಳದ್ದು ಮೊದಲ ಕರ್ಲಿಂಗ್ ಆಟ."

"ಭೇಷ್! ಬರ್ತಾ ನಿಮ್ಮ ಆ ನಿಂಬೆ ಕೇಕ್ ತನ್ನಿ."

ಅವಳು ಇಲ್ಲ ಎಂದಾಗಲೆಲ್ಲ ವರ್ನ್‌ಗೆ ಹೌದೆಂದೇ ಕೇಳಿಸುತ್ತಿತ್ತು. ಅಂದು ಊಟಕ್ಕೆ ಕೂತಾಗ ಮಗಳು ಸೋಲ್ವೆಗ್ ತಟ್ಟೆಯಿಂದ ಕಣ್ಣೆತ್ತದೆ, "ಹೋದ್ ವರ್ಷ ನನ್ನ ಹಾಡಿಗೂ ಬರ್ತೀನಿ ಅಂದಿದ್ದೆ, ಅಮ್ಮ" ಎಂದಳು.

ಬುಧವಾರವೂ ರಜೆಯೇ. ಮಧ್ಯಾಹ್ನ ಅವಳು ಯಾರನ್ನೂ ಕೇಳದೆ ಸ್ಕ್ರಿಪ್ಟಿನ ಒಂದು ಸಾಲು ತಿದ್ದಿದಳು: ಒಳಗಿರುವುದು 'ಟ್ರೂ' ಎಂಬ ಮಾತೇ ಆಗಿದ್ದರೆ ಮಾತ್ರ ರಜೆ. ಗುರುವಾರ ಶಾಲೆಗಳು ತೆರೆದವು. 'ಖಂಡಿತವಾಗಿಯೂ' ಎಂಬ ಪದದ ಶಕ್ತಿಯನ್ನು ಕೊಂಡಾಡಿ ಸಮಿತಿ ತನಗೆ ತಾನೇ ಚಪ್ಪಾಳೆ ತಟ್ಟಿಕೊಂಡಿತು.

ಸ್ಕ್ರಿಪ್ಟನ್ನೇನೋ ತಿದ್ದಿದ್ದಾಯಿತು. ವರ್ನ್‌ನನ್ನು ತಿದ್ದುವ ಸಾಲು ಎಲ್ಲಿದೆ? ಶುಕ್ರವಾರ ಅವನು ಬಾಗಿಲಲ್ಲಿ ಇಣುಕಿದ.

"ನಾಳೆ ಒಂಬತ್ತಕ್ಕೆ, ಅಲ್ವಾ?"

ಆಗಲ್ಲ, ಕ್ಷಮಿಸಿ, ಮಗಳು... ಮಾತು ನಾಲಿಗೆಯ ತುದಿಗೆ ಬಂದಿತ್ತು. ಸಕ್ಕರೆ ಡಬ್ಬಿ ನೆನಪಾಗಿ ಅಷ್ಟನ್ನೂ ನುಂಗಿಕೊಂಡು, ಮಫ್ಲರ್ ಮಡಚತೊಡಗಿದಳು.

"ಹತ್ತಕ್ಕಾದ್ರೆ?"

ಮಾರ್ಲಿಸ್ ಮುಗುಳ್ನಕ್ಕಳು. ತುಟಿ ಬಿಚ್ಚಲಿಲ್ಲ. ವರ್ನ್ ಕಿಟಕಿ ನೋಡಿದ, ತನ್ನ ಬೂಟು ನೋಡಿದ. ಹೌದೆಂದುಕೊಳ್ಳಲು ಅವನಿಗೊಂದು ಮಾತಾದರೂ ಬೇಕಿತ್ತು.

"ಸರಿ ಹಂಗಾದ್ರೆ... ನಾವೇ ನೋಡ್ಕೋತೀವಿ ಬಿಡಿ."

ಶನಿವಾರದ ಕರ್ಲಿಂಗ್ ಆಟದಲ್ಲಿ ಸೋಲ್ವೆಗ್ ಮಂಜುಗಡ್ಡೆಯ ಮೇಲೆ ಜಾರಿಸಿದ ಮೊದಲ ಕಲ್ಲು ಗುರಿಯ ಹತ್ತಿರವೂ ಸುಳಿಯಲಿಲ್ಲ. ಅವಳು ತಟ್ಟನೆ ತಿರುಗಿ ಅಮ್ಮ ಕೂರಬೇಕಿದ್ದ ಮೇಲಿನ ಬೆಂಚು ನೋಡಿದಳು. ಅದು ಖಾಲಿ ಇರಲಿಲ್ಲ.